ಖಾಲಿ ಚೀಲಕ್ಕೆ ಕಾಲಂ ಇರಲಿಲ್ಲ

ಬೇರೆಯವರ ತಪ್ಪಿನ ಬಗ್ಗೆ ಬರೆಯುವುದು ನಮಗೆ ಅಭ್ಯಾಸ. ಗ್ರಾಮೀಣ ಪತ್ರಿಕೋದ್ಯಮ ಓದಿದ್ದೇ ಅದಕ್ಕೆ ಅಂದುಕೊಂಡಿದ್ದೆವು. ನಮ್ಮದೇ ತಪ್ಪಿನ ಬಗ್ಗೆ ಬರೆಯಲು ಎರಡು ವರ್ಷ ಬೇಕಾಯಿತು.

ಈಗ ಬರೆಯಲು ಒಂದು ಕಾರಣ ಇದೆ. ಹೋದ ತಿಂಗಳು ಪಕ್ಕದ ತಾಲ್ಲೂಕಿನ ರೈತ ಸಂಸ್ಥೆಯವರೊಬ್ಬರು ಫೋನ್ ಮಾಡಿದ್ದರು. "ನಾವೂ ಒಂದು ಆ್ಯಪ್ ಮಾಡಿಸಬೇಕು ಅಂತಿದ್ದೀವಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವರು ಅರ್ಧ ದುಡ್ಡು ಅಡ್ವಾನ್ಸ್ ಕೇಳ್ತಿದ್ದಾರೆ. ಕೊಡಬಹುದಾ?" ಅಂದರು. ಫೋನಿನಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ. "ಒಂದು ವಾರ ಕೊಡಬೇಡಿ, ಬರೆದು ಕಳಿಸ್ತೀವಿ" ಅಂದೆವು. ಅದೇ ಇದು.

ನಾವು ನಾಲ್ವರು. ಒಂದೇ ಬ್ಯಾಚಿನಲ್ಲಿ ಓದಿದವರು. ನಮ್ಮದು ತುಮಕೂರು ಜಿಲ್ಲೆಯ ಬಯಲು ಸೀಮೆ, ಮಧುಗಿರಿ ಕಡೆ. ಕಡಲೆಕಾಯಿ, ರಾಗಿ, ತೊಗರಿ, ಹುಣಸೆಹಣ್ಣು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬೆಂಗಳೂರು. ಓದು ಮುಗಿದ ಮೇಲೆ ನಮ್ಮಲ್ಲಿ ಇಬ್ಬರಿಗೆ ಇಲ್ಲಿನ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಕೆಲಸ ಸಿಕ್ಕಿತು. ವರದಿ ಬರೆಯುವುದು, ಸಭೆಯ ನಡಾವಳಿ ಬರೆಯುವುದು, ರೈತರಿಗೆ ವಾಟ್ಸಾಪ್‌ನಲ್ಲಿ ಧಾರಣೆ ಕಳಿಸುವುದು. ಉಳಿದ ಇಬ್ಬರೂ ಬಂದು ಹೋಗಿ ಮಾಡುತ್ತಿದ್ದರು. ಕೊನೆಗೆ ನಾಲ್ವರೂ ಅಲ್ಲೇ ಆದೆವು.

ರೈತ ಉತ್ಪಾದಕರ ಕಂಪನಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು, ರೈತರೂ ಸೇರಿ ಕಂಪನಿ ಕಟ್ಟಬಹುದು ಅಂತ ಮಾಡಿದರು. ಎಷ್ಟೇ ಷೇರು ಇರಲಿ, ಒಬ್ಬ ರೈತನಿಗೆ ಒಂದೇ ಓಟು. ನಮ್ಮ ಕಂಪನಿಯಲ್ಲಿ ಆಗ 412 ಜನ ಸದಸ್ಯರು. ತಲಾ ಒಂದು ಸಾವಿರ ರೂಪಾಯಿ ಷೇರು. ಅಲ್ಲಿಗೆ ಒಟ್ಟು 4,12,000 ರೂಪಾಯಿ. ಈ ಅಂಕಿ ನೆನಪಿಟ್ಟುಕೊಳ್ಳಿ.

2022ರ ಬೇಸಿಗೆಯಲ್ಲಿ ಆಡಳಿತ ಮಂಡಳಿ ಸಭೆಯಲ್ಲಿ ಒಬ್ಬರು ಹೇಳಿದರು: "ಹಾಲಿನ ಡೈರಿಯಲ್ಲಿ ಮಷಿನ್ನು ಚೀಟಿ ಕೊಡ್ತದೆ. ಫ್ಯಾಟ್ ಎಷ್ಟು, ದರ ಎಷ್ಟು ಎಲ್ಲಾ ಬರ್ತದೆ. ನಾವು ಇನ್ನೂ ಪುಸ್ತಕದಲ್ಲಿ ಗೀಚ್ತಾ ಇದ್ದೀವಿ." ಎಲ್ಲರೂ ಹೌದು ಅಂದರು. ಎರಡು ವರ್ಷ ಬೀಜ ಗೊಬ್ಬರ ಮಾರಿ ಉಳಿದ ಹಣ ಬ್ಯಾಂಕಿನಲ್ಲಿತ್ತು. "ನೀವು ಓದಿದ ಹುಡುಗರು, ಕಂಪ್ಯೂಟರ್ ಗೊತ್ತಿರೋರು. ಒಳ್ಳೆ ಕಂಪನಿ ಹುಡುಕಿ ಮಾಡಿಸಿ" ಅಂತ ಜವಾಬ್ದಾರಿ ನಮಗೆ ಬಂತು.

ನಮಗೆ ಗೊತ್ತಿದ್ದದ್ದು ಫೋನ್ ಬಳಸುವುದು. ಫೋನ್ ಬಳಸುವುದಕ್ಕೂ ಸಾಫ್ಟ್‌ವೇರ್ ಮಾಡಿಸುವುದಕ್ಕೂ ಎಷ್ಟು ದೂರ ಅಂದರೆ, ಬಸ್ಸಿನಲ್ಲಿ ಓಡಾಡುವುದಕ್ಕೂ ಬಸ್ ಕೊಳ್ಳುವುದಕ್ಕೂ ಇರುವಷ್ಟು. ಅದನ್ನು ಆಗ ಒಪ್ಪಿಕೊಳ್ಳಲು ನಾಚಿಕೆ ಆಯಿತು. ಸುಮ್ಮನೆ "ಆಯ್ತು" ಅಂದೆವು.

ಬೆಂಗಳೂರಿನಲ್ಲಿ ಒಂದು ಕಂಪನಿ ಹುಡುಕಿದೆವು. ಹೆಸರು ಬೇಡ, ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಕಚೇರಿಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಕಾಫಿ. ದೊಡ್ಡ ಪರದೆಯ ಮೇಲೆ ಬೇರೆಯವರಿಗೆ ಮಾಡಿಕೊಟ್ಟ ಆ್ಯಪ್‌ಗಳನ್ನು ತೋರಿಸಿದರು. ನಾಲ್ಕು ತಿಂಗಳು, 3,60,000 ರೂಪಾಯಿ ಅಂದರು. ಹೊರಗೆ ಬರುವಾಗ ನಮಗೆ ನಾವೇ ದೊಡ್ಡವರಾದ ಹಾಗಿತ್ತು.

ಕೊಟೇಶನ್ನಿನ ಕೊನೆಯ ಸಾಲಿನಲ್ಲಿ 'ತೆರಿಗೆ ಪ್ರತ್ಯೇಕ' ಅಂತ ಸಣ್ಣದಾಗಿ ಇತ್ತು. ಸಾಫ್ಟ್‌ವೇರ್ ಸೇವೆಗೆ 18 ಪರ್ಸೆಂಟ್ ಜಿಎಸ್‌ಟಿ. ಅದು 64,800. ಒಟ್ಟು 4,24,800. ನಮ್ಮ 412 ರೈತರ ಎಲ್ಲರ ಷೇರು ಹಣ ಸೇರಿಸಿದರೂ ಅದಕ್ಕಿಂತ ಕಡಿಮೆ. ಇದನ್ನು ಲೆಕ್ಕ ಹಾಕಿದ್ದು ಅಡ್ವಾನ್ಸ್ ಕೊಟ್ಟ ಮೇಲೆ.

ಅಡ್ವಾನ್ಸ್ ಅರ್ಧ ಕೊಟ್ಟೆವು. ಆಮೇಲೆ ಅವರ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ನಮ್ಮ ವಯಸ್ಸಿನವನೇ, ಹಳ್ಳಿಯಿಂದ ಬಂದವನು, ಅವರ ಮನೆಯಲ್ಲೂ ಬೇಸಾಯ. "ನಿಮ್ಮ ಕೆಲಸ ಹೇಗೆ ನಡೀತದೆ ಅಂತ ಒಂದೊಂದೇ ಹಂತ ಬರೆದು ಕಳಿಸಿ ಸರ್" ಅಂದ. ನಾವು ಕಳಿಸಿದ ವಾಟ್ಸಾಪ್ ಮೆಸೇಜು ಈಗಲೂ ನಮ್ಮ ಫೋನಿನಲ್ಲಿದೆ: 'ರೈತರ ನೋಂದಣಿ. ಖರೀದಿ. ಮಾರಾಟ. ಹಣ ಪಾವತಿ. ಕನ್ನಡದಲ್ಲಿರಬೇಕು. ಸುಲಭವಾಗಿರಬೇಕು.' ಅಷ್ಟೇ. ನಾಲ್ಕು ಲಕ್ಷದ ಕೆಲಸಕ್ಕೆ ಆರು ಸಾಲು. ಮನೆಗೆ ಒಂದು ತಿಂಗಳ ದಿನಸಿ ಬರೆದರೂ ಅದಕ್ಕಿಂತ ಉದ್ದ ಇರುತ್ತದೆ.

ಆ ಹುಡುಗ ಇನ್ನೊಂದು ಮಾತು ಕೇಳಿದ್ದ. "ನಾನು ಒಂದು ದಿನ ನಿಮ್ಮ ಗೋದಾಮಿಗೆ ಬಂದು ಕೂರಲಾ? ತೂಕ ಹಾಕೋದು ನೋಡಬೇಕು." ನಾವು ಬೇಡ ಅಂದೆವು. ಫೋನಿನಲ್ಲೇ ಹೇಳುತ್ತೇವೆ ಅಂದೆವು. ನಿಜ ಹೇಳಬೇಕೆಂದರೆ ಗೋದಾಮು ತೋರಿಸಲು ಮನಸ್ಸಿರಲಿಲ್ಲ. ತಗಡಿನ ಶೀಟು, ಧೂಳು, ಮೂಲೆಯಲ್ಲಿ ಹರಿದ ಚೀಲ. ಆ ಗಾಜಿನ ಬಾಗಿಲಿನವರು ಇಲ್ಲಿಗೆ ಬಂದರೆ ನಮ್ಮ ಬಗ್ಗೆ ಏನಂದುಕೊಳ್ಳುತ್ತಾರೋ ಅನ್ನಿಸಿತು. ಇಡೀ ಕಥೆಯಲ್ಲಿ ನಮಗೆ ಇವತ್ತಿಗೂ ಚುಚ್ಚುವುದು ಇದೇ.

ಆ ಗೋದಾಮಿನಲ್ಲಿ ಲೆಕ್ಕ ಬರೆಯುವುದು ಒಬ್ಬ ಅಕ್ಕ. ಏಳನೇ ಕ್ಲಾಸು ಓದಿದವರು. ತಕ್ಕಡಿಯ ಪಕ್ಕ ಚೀಲ ಹಾಸಿಕೊಂಡು ಕೂತು, ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಾರೆ. ಎಲ್ಲರೂ ಅವರನ್ನು ಪುಸ್ತಕದಕ್ಕ ಅಂತಲೇ ಕರೆಯುವುದು. ಆ್ಯಪ್ ಮಾಡಿಸುವಾಗ ನಾವು ಅವರನ್ನು ಒಂದು ಮಾತೂ ಕೇಳಲಿಲ್ಲ. ಆ್ಯಪ್ ಬಂದ ಮೇಲೆ ಪುಸ್ತಕ ನಿಲ್ಲಿಸಬೇಕು ಅಂತ ಮಾತ್ರ ಹೇಳಿದ್ದೆವು.

ಅಕ್ಟೋಬರಿನ ಕಡಲೆಕಾಯಿ ಸುಗ್ಗಿಗೆ ಬರಬೇಕಿದ್ದ ಆ್ಯಪ್ ಬಂದದ್ದು ಡಿಸೆಂಬರಿನಲ್ಲಿ. ಬೆಂಗಳೂರಿನ ಕಚೇರಿಯಲ್ಲಿ ಡೆಮೊ ತೋರಿಸಿದರು. ಚೆನ್ನಾಗಿತ್ತು. ಹಸಿರು ಬಣ್ಣ, ಮೇಲೆ ಎತ್ತಿನ ಚಿತ್ರ. ನಾವು ಫೋಟೋ ತೆಗೆದುಕೊಂಡೆವು. ಇನ್ನು ನಲವತ್ತು ಪರ್ಸೆಂಟ್ ಹಣ ಕೊಟ್ಟೆವು. ಅಲ್ಲಿಗೆ 3,82,320 ರೂಪಾಯಿ ಹೋಗಿತ್ತು.

ಗೋದಾಮಿಗೆ ತಂದು ತೆರೆದ ಮೊದಲ ದಿನವೇ ಒಂದೊಂದಾಗಿ ಶುರುವಾಯಿತು.

ಮೊದಲನೆಯದು ನೆಟ್‌ವರ್ಕ್. ತಗಡಿನ ಶೀಟಿನ ಕೆಳಗೆ ಸಿಗ್ನಲ್ ಬರುವುದಿಲ್ಲ. ಬೇವಿನ ಮರದ ಹತ್ತಿರ ಹೋದರೆ ಬರುತ್ತದೆ. ಆದರೆ ತಕ್ಕಡಿ ಇರುವುದು ಒಳಗೆ. ಈ ಆ್ಯಪ್ ನೆಟ್ ಇಲ್ಲದೆ ಒಂದು ಅಕ್ಷರವನ್ನೂ ಉಳಿಸಿಕೊಳ್ಳುತ್ತಿರಲಿಲ್ಲ.

ಎರಡನೆಯದು ಓಟಿಪಿ. ಪ್ರತಿ ಖರೀದಿಗೂ ರೈತರ ಮೊಬೈಲಿಗೆ ಓಟಿಪಿ ಹೋಗಬೇಕು. ನಮ್ಮ ಕಡೆ ವಯಸ್ಸಾದವರು ಬರೆಸಿರುವುದು ಮಗನ ನಂಬರು. ಮಗ ಪೀಣ್ಯದಲ್ಲಿ ಫ್ಯಾಕ್ಟರಿಯಲ್ಲಿ. ಒಳಗೆ ಫೋನ್ ಬಿಡುವುದಿಲ್ಲ. ಅಪ್ಪ ಇಲ್ಲಿ ಚೀಲದ ಮೇಲೆ ಕೂತು, ಮಗ ಊಟಕ್ಕೆ ಹೊರಗೆ ಬರುವವರೆಗೆ ಕಾಯಬೇಕು. ಒಂದು ಮನೆಯಲ್ಲಿ ಮೂವರು ಸದಸ್ಯರಿದ್ದು ಫೋನ್ ಒಂದೇ ಇದ್ದರೆ, ಒಂದು ನಂಬರಿಗೆ ಒಬ್ಬರನ್ನು ಮಾತ್ರ ಆ್ಯಪ್ ಒಪ್ಪುತ್ತಿತ್ತು.

ಮೂರನೆಯದು ಹೆಸರು. ನಮ್ಮ ಸದಸ್ಯರ ಹಳೆಯ ಪಟ್ಟಿಯನ್ನು ಅಂಗಡಿಯೊಂದರಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆವು. ಅದನ್ನು ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತಿತ್ತು. ಯೂನಿಕೋಡ್‌ಗೆ ಬದಲಾಯಿಸಿ ಕೊಡಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ. ಹಾಗಾಗಿ ಎಲ್ಲ ಹೆಸರೂ ಇಂಗ್ಲಿಷಿನಲ್ಲಿ ಹೋದವು. ಒಂದೇ ಊರಿನಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಇರುವ ಇಬ್ಬರು ಮೂವರು ಇರುತ್ತಾರೆ. ಪುಸ್ತಕದಲ್ಲಿ ಅಕ್ಕ 'ಬಾವಿಮನೆ', 'ಮೇಗಲಮನೆ' ಅಂತ ಗುರುತು ಹಾಕುತ್ತಿದ್ದರು. ಆ್ಯಪ್‌ನಲ್ಲಿ ಬಾವಿಮನೆಯವರ ಹಣ ಮೇಗಲಮನೆಗೆ ಹೋಯಿತು. ಎರಡು ಸಲ.

ನಾಲ್ಕನೆಯದು ತೂಕ. ಚೀಲದ ತೂಕ ಕಳೆಯಬೇಕಲ್ಲ, ಅದಕ್ಕೆ ಆ್ಯಪ್‌ನಲ್ಲಿ ಒಂದು ಚೀಲಕ್ಕೆ ಒಂದು ಕೆ.ಜಿ. ಅಂತ ಹಾಕಿಬಿಟ್ಟಿದ್ದರು. ಯಾರೋ ಫೋನಿನಲ್ಲಿ ಕೇಳಿದಾಗ ನಾವೇ ಅಂದಾಜಿನಲ್ಲಿ ಹೇಳಿದ್ದು. ದಪ್ಪ ಸೆಣಬಿನ ಚೀಲಕ್ಕೆ ಅದು ಸರಿ ಹೋಗಬಹುದು. ಪ್ಲಾಸ್ಟಿಕ್ ಚೀಲ ಕಾಲು ಕೆ.ಜಿ.ಯೂ ತೂಗುವುದಿಲ್ಲ. ಒಬ್ಬ ಅಜ್ಜಿ ಹತ್ತು ಚೀಲ ರಾಗಿ ತಂದಿದ್ದರು, ಎಲ್ಲ ಪ್ಲಾಸ್ಟಿಕ್. ಆ್ಯಪ್ ಹತ್ತು ಕೆ.ಜಿ. ಕಳೆಯಿತು. ಅಜ್ಜಿಗೆ ಓದಲು ಬರುವುದಿಲ್ಲ, ಲೆಕ್ಕ ಬರುತ್ತದೆ. "ಮಂಡಿಯೋನು ತಕ್ಕಡೀಲಿ ಹೊಡೀತಿದ್ದ. ನೀವು ಫೋನಲ್ಲಿ ಹೊಡೀತೀರ" ಅಂದರು. ನಾವು ತಲೆ ಎತ್ತಲಿಲ್ಲ. ಮಂಡಿಯವರ ತೂಕದ ಮೋಸ ತಪ್ಪಿಸಲೆಂದೇ ಕಟ್ಟಿದ ಕಂಪನಿ ಇದು.

ಐದನೆಯದು ಖಾಲಿ ಚೀಲ. ಸುಗ್ಗಿಗೆ ಮುಂಚೆ ಕಂಪನಿ ರೈತರಿಗೆ ಖಾಲಿ ಗೋಣಿಚೀಲ ಕೊಡುತ್ತದೆ. ತುಂಬಿಕೊಂಡು ಬಂದಾಗ ಲೆಕ್ಕ ಚುಕ್ತಾ. ತಂದಿಲ್ಲದಿದ್ದರೆ ಬಾಕಿ. ಚೀಲ ಕಳೆದರೆ ಕಂಪನಿಗೆ ಸೀದಾ ನಷ್ಟ. ಅಕ್ಕ ಇದಕ್ಕೆ ಪುಸ್ತಕದಲ್ಲಿ ಒಂದು ಕಾಲಂ ಇಟ್ಟಿದ್ದರು. ಆ್ಯಪ್‌ನಲ್ಲಿ ಅದು ಇರಲೇ ಇಲ್ಲ. ಇರಬೇಕು ಅಂತ ನಾವು ಹೇಳಿರಲಿಲ್ಲ. ಹೇಳಬೇಕಾದರೆ ನಮಗೆ ಗೊತ್ತಿರಬೇಕಿತ್ತು. ಎರಡು ವರ್ಷ ಆ ಗೋದಾಮಿನಲ್ಲಿ ಓಡಾಡಿಯೂ ನಮಗೆ ಗೊತ್ತಿರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಿದೆವು. ಸರಿ ಮಾಡಿಕೊಡಿ ಅಂದೆವು. "ನೀವು ಮೊದಲು ಹೇಳಿದ್ದರಲ್ಲಿ ಇವು ಇಲ್ಲ, ಪ್ರತಿಯೊಂದಕ್ಕೂ ಬೇರೆ ಚಾರ್ಜ್ ಆಗ್ತದೆ" ಅಂದರು. ಕೋಪ ಬಂತು. ಆದರೆ ನಮ್ಮ ಆರು ಸಾಲಿನ ಮೆಸೇಜು ನೋಡಿದರೆ ಅವರು ಹೇಳಿದ್ದು ಸುಳ್ಳಲ್ಲ. ಉಳಿದ ಹತ್ತು ಪರ್ಸೆಂಟ್ ಹಣ ತಡೆಹಿಡಿದೆವು. ಅವರೂ ಫೋನ್ ಎತ್ತುವುದು ಕಡಿಮೆ ಮಾಡಿದರು. ಆ ಹುಡುಗ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿದ್ದ.

2023ರಲ್ಲಿ ಬರ. ಕಡಲೆಕಾಯಿ ಹೊಲದಲ್ಲೇ ಒಣಗಿತು. ಗೋದಾಮಿಗೆ ಬಂದದ್ದೇ ಕಡಿಮೆ. 2024ರ ಜನವರಿಯಲ್ಲಿ ಬೆಂಗಳೂರಿನಿಂದ ಒಂದು ಬಿಲ್ ಬಂತು. ಸರ್ವರ್ ಮತ್ತು ನಿರ್ವಹಣೆಗೆ ವರ್ಷಕ್ಕೆ 75,000 ರೂಪಾಯಿ. ಇದನ್ನು ಯಾರೂ ಮೊದಲು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಕೊಡಲು ಹಣವೂ ಇರಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಬಿಳಿ ಪರದೆ, ನಡುವೆ ಸುತ್ತುತ್ತಿರುವ ಚಕ್ರ. ಮಧ್ಯಾಹ್ನವಾದರೂ ಸುತ್ತುತ್ತಲೇ ಇತ್ತು.

ಸರ್ವರ್ ಅಂದರೆ ಒಂದು ಗೋದಾಮು ಅಂದುಕೊಳ್ಳಿ. ಚೀಲ ನಮ್ಮವು, ಗೋದಾಮು ಅವರದು, ಬೀಗದ ಕೈ ಅವರ ಜೇಬಿನಲ್ಲಿ. ಒಳಗಿದ್ದದ್ದು 412 ಜನರ ಹೆಸರು, ಬ್ಯಾಂಕ್ ಖಾತೆ ನಂಬರು, ಆಧಾರ್ ನಂಬರು, ಯಾರಿಗೆ ಎಷ್ಟು ಬಾಕಿ ಅನ್ನುವ ಲೆಕ್ಕ. ಆ ರಾತ್ರಿ ನಾವು ನಾಲ್ವರೂ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಪುಸ್ತಕದಕ್ಕನ ಹತ್ತಿರ ಹೋಗಿ ವಿಷಯ ಹೇಳಿದೆವು. ಅವರು ಏನೂ ಮಾತಾಡದೆ ಎದ್ದು, ಕಬ್ಬಿಣದ ಪೆಟ್ಟಿಗೆ ತೆಗೆದು, ಉದ್ದನೆಯ ಎರಡು ಪುಸ್ತಕ ಮುಂದೆ ಇಟ್ಟರು. ಆ್ಯಪ್ ಬಂದ ದಿನದಿಂದ ಒಂದು ದಿನವೂ ಬಿಡದೆ ಬರೆದಿದ್ದರು. "ನಿಲ್ಲಿಸಿ ಅಂದಿದ್ದೆವಲ್ಲ ಅಕ್ಕ?" ಅಂದೆವು. "ನೀವು ಅಂದ್ರಿ. ದುಡ್ಡು ಕೇಳೋಕೆ ಜನ ಬರೋದು ನನ್ನ ಹತ್ರ" ಅಂದರು.

ಅವರು ನಮ್ಮ ಮಾತು ಕೇಳದೆ ಇದ್ದದ್ದರಿಂದ 412 ಜನರ ಲೆಕ್ಕ ಉಳಿಯಿತು.

ಆಮೇಲೆ ತಾಲ್ಲೂಕು ಕೋರ್ಟಿನ ವಕೀಲರೊಬ್ಬರ ಹತ್ತಿರ ಹೋದೆವು. "ನಾವು ದುಡ್ಡು ಕೊಟ್ಟು ಮಾಡಿಸಿದ ಆ್ಯಪ್, ಅದರ ಸೋರ್ಸ್ ಕೋಡ್ ನಮಗೆ ಕೊಡಿಸಿ" ಅಂತ ಕೇಳಿದೆವು. ಆ್ಯಪ್ ತಟ್ಟೆಗೆ ಬಂದ ಊಟವಾದರೆ, ಸೋರ್ಸ್ ಕೋಡ್ ಅದನ್ನು ಮಾಡುವ ವಿಧಾನ ಬರೆದಿಟ್ಟ ಚೀಟಿ. ಆ ಚೀಟಿ ಕೈಗೆ ಸಿಕ್ಕರೆ ಬೇರೆ ಯಾರಿಂದಲಾದರೂ ಸರಿ ಮಾಡಿಸಬಹುದು. ವಕೀಲರು "ಅಗ್ರಿಮೆಂಟ್ ತೋರಿಸಿ" ಅಂದರು. ನಮ್ಮ ಹತ್ತಿರ ಇದ್ದದ್ದು ಒಂದು ಕೊಟೇಶನ್, ಎರಡು ಬಿಲ್, ವಾಟ್ಸಾಪ್ ಮೆಸೇಜು.

ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇವೆ, ಏಕೆಂದರೆ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಮೇಸ್ತ್ರಿಗೆ ಕೂಲಿ ಕೊಟ್ಟು ಮನೆ ಕಟ್ಟಿಸಿದರೆ ಮನೆ ನಮ್ಮದು. ಸಾಫ್ಟ್‌ವೇರ್ ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕ. ಕಥೆ ಬರೆದವರಿಗೆ ಇರುವಂಥ ಹಕ್ಕೇ ಕೋಡ್ ಬರೆದವರಿಗೂ. ನಾವು ಸಂಬಳ ಕೊಟ್ಟು ಇಟ್ಟುಕೊಂಡ ನೌಕರ ತನ್ನ ಕೆಲಸದ ಭಾಗವಾಗಿ ಬರೆದರೆ, ಬೇರೆ ಕರಾರು ಇಲ್ಲದಿದ್ದರೆ, ಅದು ನಮ್ಮದು. ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟು ಬರೆಸಿದರೆ, ಅವರು ಬರೆದು ಸಹಿ ಹಾಕಿ ನಮ್ಮ ಹೆಸರಿಗೆ ಮಾಡಿಕೊಡುವವರೆಗೆ ಹಕ್ಕು ಅವರ ಕಡೆಯೇ ಉಳಿಯುತ್ತದೆ. ಬರೆದುಕೊಟ್ಟರೂ, ಎಷ್ಟು ಕಾಲಕ್ಕೆ ಅಂತ ನಮೂದಿಸದಿದ್ದರೆ ಐದೇ ವರ್ಷ. ಎಲ್ಲಿಗೆ ಅಂತ ನಮೂದಿಸದಿದ್ದರೆ ಭಾರತದ ಒಳಗೆ ಮಾತ್ರ. ಇದು ಆ ಕಾಯ್ದೆಯ 17 ಮತ್ತು 19ನೇ ಸೆಕ್ಷನ್ನಿನಲ್ಲಿದೆ.

ನಾಚಿಕೆಯ ಸಂಗತಿ ಏನೆಂದರೆ, ಈ ಕಾಯ್ದೆಯನ್ನು ನಾವು ಓದಿದ್ದೆವು. ಮಾಧ್ಯಮ ಕಾನೂನಿನ ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದಿತ್ತು. ಉತ್ತರ ಬರೆದು ಪಾಸಾಗಿದ್ದೆವು.

ವಕೀಲರು ಒಂದು ಪತ್ರ ಬರೆದರು. ಕಂಪನಿಯವರು ಜಗಳಕ್ಕೆ ನಿಲ್ಲಲಿಲ್ಲ. ಕೋಡ್ ಕೊಡಲಿಲ್ಲ, ಡೇಟಾ ಕೊಟ್ಟರು. ಒಂದು ಎಕ್ಸೆಲ್ ಫೈಲು. ತೆರೆದು ನೋಡಿದರೆ, ನಾವು ಷರಾ ಕಾಲಂನಲ್ಲಿ ಕಷ್ಟಪಟ್ಟು ಕನ್ನಡದಲ್ಲಿ ತುಂಬಿದ್ದ ಮನೆ ಗುರುತುಗಳೆಲ್ಲ ಬರೀ ಪ್ರಶ್ನೆ ಚಿಹ್ನೆ. ಬಾವಿಮನೆ ಇದ್ದ ಕಡೆ ಸಾಲಾಗಿ ಏಳೆಂಟು ಪ್ರಶ್ನೆ ಚಿಹ್ನೆ. ಡೇಟಾ ಇಡುವ ಜಾಗವನ್ನು ಯೂನಿಕೋಡ್‌ಗೆ ಸಿದ್ಧ ಮಾಡದೆ ಕನ್ನಡ ತುಂಬಿದರೆ ಹೀಗಾಗುತ್ತದೆ, ಒಮ್ಮೆ ಹಾಗಾದ ಮೇಲೆ ಮೂಲ ಅಕ್ಷರ ವಾಪಸ್ ಬರುವುದಿಲ್ಲ ಅಂತ ಆಮೇಲೆ ತಿಳಿಯಿತು. ಪರದೆಯ ಮೇಲೆ ಕನ್ನಡ ಕಂಡಿತು ಅಂತ ನಾವು ಖುಷಿಪಟ್ಟಿದ್ದೆವು. ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿರಲಿಲ್ಲ.

ಆ ವರ್ಷ ಸೆಪ್ಟೆಂಬರಿನಲ್ಲಿ ಸರ್ವ ಸದಸ್ಯರ ಸಭೆ. ಲೆಕ್ಕಪತ್ರ ಓದುವಾಗ ಆ್ಯಪ್‌ನ ಖರ್ಚು ಬಂತು. ಪ್ಲಾಸ್ಟಿಕ್ ಚೀಲದ ಅಜ್ಜಿಯೇ ಎದ್ದು ನಿಂತರು. "ಆ ಫೋನಿಗೆ ಹಾಕಿದ ದುಡ್ಡು ನಮ್ಮೆಲ್ಲರ ಷೇರಿನ ದುಡ್ಡಿನ ಹತ್ರ ಹತ್ರ ಆಯ್ತಂತೆ. ಅದರಲ್ಲಿ ನಮ್ಮದು ಅಂತ ಏನುಳಿದಿದೆ?" ಅಂದರು. ಅಜ್ಜಿಗೂ ಒಂದು ಓಟು, ಅಧ್ಯಕ್ಷರಿಗೂ ಒಂದೇ ಓಟು. ಉತ್ತರ ಕೊಡಲೇಬೇಕಿತ್ತು. "ಏನೂ ಇಲ್ಲ ಅಜ್ಜಿ, ತಪ್ಪು ನಮ್ಮದು" ಅಂದೆವು. ಅದಕ್ಕಿಂತ ಕಷ್ಟದ ವಾಕ್ಯ ನಾವು ಎಲ್ಲೂ ಬರೆದಿಲ್ಲ, ಆಡಿಲ್ಲ.

ನಮ್ಮನ್ನು ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆವು. ಸಭೆ ಬೇರೆಯದೇ ತೀರ್ಮಾನ ಮಾಡಿತು. ಇನ್ನೊಂದು ಸಲ ಮಾಡಿ, ಆದರೆ ಒಂದು ಲಕ್ಷ ದಾಟಬಾರದು, ಪುಸ್ತಕದಕ್ಕ ಒಪ್ಪದೆ ಒಂದು ರೂಪಾಯಿ ಕೊಡಬಾರದು. ನಮಗೆ ಯಾವ ಕೋರ್ಸಿನಲ್ಲೂ ಇಷ್ಟು ಒಳ್ಳೆಯ ಪಾಠ ಸಿಕ್ಕಿರಲಿಲ್ಲ.

ಎರಡನೇ ಸಲ ನಾವು ಕಂಪನಿ ಹುಡುಕುವುದಕ್ಕೆ ಮುಂಚೆ ಅಕ್ಕನ ಪಕ್ಕ ಕೂತೆವು. ಮೂರು ದಿನ. ತಕ್ಕಡಿಯ ಹತ್ತಿರವೇ. ಅವರು ಮಾಡುವುದನ್ನೆಲ್ಲ ಬರೆದುಕೊಂಡೆವು. ಪುಸ್ತಕದಲ್ಲಿ ಹನ್ನೊಂದು ಕಾಲಂ ಇತ್ತು: ಹೆಸರು ಮತ್ತು ಮನೆ ಗುರುತು, ದಿನ, ಬೆಳೆ, ಎಷ್ಟು ಚೀಲ, ಒಟ್ಟು ತೂಕ, ಚೀಲದ ತೂಕ, ಕಸ ಮಣ್ಣಿನ ಕಡಿತ, ದರ, ಗೊಬ್ಬರದ ಬಾಕಿ, ಕೊಟ್ಟ ಹಣ, ಖಾಲಿ ಚೀಲ. ಇವಲ್ಲದೆ ಸಣ್ಣ ಸಣ್ಣ ಗುರುತು. ಹೆಸರಿನ ಪಕ್ಕ ಚುಕ್ಕೆ ಇದ್ದರೆ ಹಣ ಹೆಂಡತಿಯ ಖಾತೆಗೆ ಹಾಕಬೇಕು. ಸೊನ್ನೆ ಇದ್ದರೆ ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದೆ. ಅಡ್ಡಗೆರೆ ಇದ್ದರೆ ಎರಡು ಮನೆಯ ಮಾಲು ಒಂದೇ ಗಾಡಿಯಲ್ಲಿ ಬಂದಿದೆ, ಬಿಲ್ಲು ಎರಡು ಮಾಡಬೇಕು. ನಾವು ಬೆಂಗಳೂರಿಗೆ ಹೋಗಿ ಹುಡುಕಿದ್ದು ಇಲ್ಲಿ ಪುಸ್ತಕದಲ್ಲಿ ಬರೆದೇ ಇತ್ತು.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಂಡೆವು. ಇಷ್ಟನ್ನೂ ಹೊಸದಾಗಿ ಮಾಡಿಸಲೇಬೇಕಾ? ವರ್ಷದ ಜಮಾಖರ್ಚಿಗೆ ನಮ್ಮ ಆಡಿಟರ್ ಆಗಲೇ ಟ್ಯಾಲಿ ಬಳಸುತ್ತಿದ್ದರು. ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್, ಸಣ್ಣ ಅಂಗಡಿಯವರಿಗೂ ಗೊತ್ತಿರುವುದು. ಗೊಬ್ಬರದ ಅಂಗಡಿಯ ಬಿಲ್ಲಿಗೆ ರೆಡಿಮೇಡ್ ಇದೆ. ಅಂಗಡಿಯಲ್ಲಿ ಸಿಗುವ ಅಂಗಿ ಸರಿಹೋದರೆ ದರ್ಜಿಯ ಹತ್ತಿರ ಹೋಗಬೇಕಿಲ್ಲ. ಎಲ್ಲೂ ರೆಡಿ ಸಿಗದೆ ಉಳಿದದ್ದು ತಕ್ಕಡಿಯ ಹತ್ತಿರದ ಲೆಕ್ಕ ಒಂದೇ. ಹೊಲಿಸಬೇಕಾದದ್ದು ಅಷ್ಟೇ ಅಂತ ಗೊತ್ತಾದ ಮೇಲೆ ಕೆಲಸವೂ ಚಿಕ್ಕದಾಯಿತು, ಖರ್ಚೂ ಇಳಿಯಿತು.

ಮೂರು ಕಡೆ ಕೇಳಿದೆವು. ಇಬ್ಬರು ನಮ್ಮ ಕಾಗದ ನೋಡದೆ ದರ ಹೇಳಿದರು. ತುಮಕೂರಿನ ಒಂದು ಸಣ್ಣ ತಂಡದವರು ದರ ಹೇಳಲಿಲ್ಲ. "ಸಂತೆ ದಿನ ಬಂದು ನೋಡ್ತೀವಿ" ಅಂದರು. ಈ ಸಲ ಬೇಡ ಅನ್ನಲಿಲ್ಲ. ಬಂದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಧೂಳಿನಲ್ಲಿ ಕೂತರು. ಅಕ್ಕ ಅವರಿಗೆ ಮುದ್ದೆ ಬಡಿಸಿದರು. 80,000 ಮತ್ತು ಜಿಎಸ್‌ಟಿ 14,400 ಸೇರಿ 94,400ಕ್ಕೆ ಮಾತಾಯಿತು.

ಎರಡು ಪುಟದ ಕರಾರು ಬರೆದೆವು, ಕನ್ನಡದಲ್ಲೇ. ಪುಸ್ತಕದ ಹನ್ನೊಂದು ಕಾಲಂ, ಮೂರು ಗುರುತು ಮೊದಲ ಪುಟದಲ್ಲಿ. ಎರಡನೇ ಪುಟದಲ್ಲಿ ಉಳಿದದ್ದು. ಕೋಡ್‌ನ ಹಕ್ಕು ಕಾಲಮಿತಿ ಇಲ್ಲದೆ ಪೂರ್ತಿ ರೈತರ ಕಂಪನಿಗೆ. ಗೂಗಲ್ ಪ್ಲೇ ಸ್ಟೋರ್ ಖಾತೆ ನಮ್ಮ ಕಂಪನಿಯ ಇಮೇಲಿನಲ್ಲೇ ತೆರೆಯಬೇಕು. ಅದಕ್ಕೆ ಒಂದೇ ಸಲ 25 ಡಾಲರ್, ಅದನ್ನು ನಾವೇ ಕಟ್ಟಿದೆವು. ಸರ್ವರಿನ ಬಾಡಿಗೆ ನಮ್ಮ ಹೆಸರಿನಲ್ಲಿ. ತಿಂಗಳಿಗೊಮ್ಮೆ ಎಲ್ಲ ಲೆಕ್ಕದ ಪ್ರತಿ ನಮ್ಮ ಪೆನ್ ಡ್ರೈವಿಗೆ. ನೆಟ್ ಇಲ್ಲದಿದ್ದರೂ ಫೋನಿನಲ್ಲಿ ಉಳಿದು, ಬೇವಿನ ಮರದ ಹತ್ತಿರ ಹೋದಾಗ ತಾನೇ ಮೇಲೆ ಹೋಗಬೇಕು. ವರ್ಷದ ನಿರ್ವಹಣೆಗೆ ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಮೊದಲೇ ಬರೆಯಬೇಕು.

ಆಧಾರ್ ನಂಬರು ಬೇಡವೇ ಬೇಡ ಅಂತ ತೆಗೆಸಿದೆವು. ತಕ್ಕಡಿಯ ಹತ್ತಿರ ಅದರ ಅಗತ್ಯವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿ ಸಂಗ್ರಹಿಸುವ ಸಂಸ್ಥೆಯೇ ಅದಕ್ಕೆ ಹೊಣೆ. ಸಾಫ್ಟ್‌ವೇರ್ ಕಂಪನಿಯವರ ಕಡೆಯಿಂದ ಸೋರಿತು ಅಂತ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಹಣವನ್ನು ನಾಲ್ಕು ಭಾಗ ಮಾಡಿದೆವು, ತಲಾ 23,600. ಸಹಿ ಹಾಕಿದಾಗ ಒಂದು. ಕನ್ನಡದ ಹೆಸರು ತುಂಬಿ, ಮುಚ್ಚಿ, ಮತ್ತೆ ತೆರೆದು, ಎಕ್ಸೆಲ್‌ಗೆ ಇಳಿಸಿ, ಅಲ್ಲೂ ಕನ್ನಡವೇ ಕಂಡಾಗ ಎರಡು. ಹತ್ತು ದಿನದ ಖರೀದಿ ಗೋದಾಮಿನಲ್ಲಿ ನಡೆದ ಮೇಲೆ ಮೂರು. ಸುಗ್ಗಿ ಮುಗಿದು ಅಕ್ಕ ಸರಿ ಅಂದ ಮೇಲೆ ನಾಲ್ಕು. ಕಚೇರಿಯಲ್ಲಿ ತೋರಿಸುವ ಡೆಮೊಗೆ ಹಣ ಇಲ್ಲ. ಎತ್ತು ಕೊಳ್ಳುವವರು ಸಂತೆಯಲ್ಲಿ ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುತ್ತಾರೆ. ಇದಕ್ಕೂ ಅದೇ ಬುದ್ಧಿ ಸಾಕಿತ್ತು.

2025ರ ಅಕ್ಟೋಬರಿನಲ್ಲಿ ಕಡಲೆಕಾಯಿ ಬರಲು ಶುರುವಾದಾಗ ಆ್ಯಪ್ ತಕ್ಕಡಿಯ ಪಕ್ಕ ಇತ್ತು. ಎತ್ತಿನ ಚಿತ್ರ ಇಲ್ಲ. ದೊಡ್ಡ ಅಕ್ಷರ, ಹನ್ನೊಂದು ಜಾಗ. ಅಂಗೈಯಷ್ಟು ಪ್ರಿಂಟರಿನಿಂದ ಚೀಟಿ ಬರುತ್ತದೆ. ಮೊದಲ ವಾರ ಎರಡು ಸಲ ನಿಂತಿತು. ತುಮಕೂರಿನವರು ಬಂದು ಸರಿ ಮಾಡಿದರು, ಹೆಚ್ಚು ಹಣ ಕೇಳಲಿಲ್ಲ, ಕರಾರಿನಲ್ಲಿ ಹಾಗೇ ಇತ್ತು.

ಪ್ಲಾಸ್ಟಿಕ್ ಚೀಲದ ಅಜ್ಜಿಯೂ ಬಂದರು. ಚೀಟಿಯನ್ನು ಮೊಮ್ಮಗಳ ಕೈಗೆ ಕೊಟ್ಟು ಓದಿಸಿದರು. ಹುಡುಗಿ ಒಂದೊಂದೇ ಸಾಲು ಓದಿದಳು. ಚೀಲದ ಬಗೆ: ಪ್ಲಾಸ್ಟಿಕ್. ಕೊನೆಯ ಸಾಲು: ಖಾಲಿ ಚೀಲ ಬಾಕಿ, ಮೂರು. ಅಜ್ಜಿ ಅದನ್ನು ಮಡಿಸಿ ಸೊಂಟದ ಚೀಲಕ್ಕೆ ಹಾಕಿಕೊಂಡು, "ನಾಳೆ ತಂದುಕೊಡ್ತೀನಿ" ಅಂದರು. ಚೆನ್ನಾಗಿದೆ ಅಂತ ಅವರೇನೂ ಹೇಳಲಿಲ್ಲ. ಮಾರನೇ ದಿನ ಮೂರು ಚೀಲ ಬಂದವು.

ಪುಸ್ತಕದಕ್ಕ ಈಗಲೂ ಪುಸ್ತಕ ಬರೆಯುತ್ತಾರೆ. ನಾವು ನಿಲ್ಲಿಸಿ ಅನ್ನುವುದಿಲ್ಲ. ಸಂಜೆ ಎರಡರ ಮೊತ್ತವನ್ನೂ ಜೋಡಿಸಿ ನೋಡುತ್ತಾರೆ. ಒಂದು ದಿನ ಒಂದು ಖಾಲಿ ಚೀಲ ವ್ಯತ್ಯಾಸ ಬಂತು. ಪುಸ್ತಕದಲ್ಲೂ ಇದೆ, ಫೋನಿನಲ್ಲೂ ಇದೆ, ರಾಶಿಯಲ್ಲಿ ಒಂದು ಕಡಿಮೆ. ಎಲ್ಲರೂ ಹುಡುಕಿದೆವು. ಕೊನೆಗೆ ಅಕ್ಕನೇ ಎದ್ದು ನಿಂತು ನಕ್ಕರು. ಅವರು ಕೂತಿದ್ದದ್ದೇ ಅದರ ಮೇಲೆ.

ಫೋನ್ ಮಾಡಿದ್ದ ಪಕ್ಕದ ತಾಲ್ಲೂಕಿನ ಅಣ್ಣನಿಗೆ ನಮ್ಮ ಉತ್ತರ ಇಷ್ಟು. ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮಲ್ಲಿ ಪುಸ್ತಕ ಬರೆಯುವವರು ಯಾರು ಅಂತ ನೋಡಿ. ಅವರ ಪಕ್ಕ ಮೂರು ದಿನ ಕೂತುಕೊಳ್ಳಿ. ಕಂಡದ್ದನ್ನೆಲ್ಲ ಬರೆದುಕೊಳ್ಳಿ. ಆ ಕಾಗದ ಹಿಡಿದು ಕಂಪನಿಗೆ ಹೋಗಿ, ಅವರನ್ನೂ ಗೋದಾಮಿಗೆ ಕರೆತನ್ನಿ. ಧೂಳಿದೆ ಅಂತ ನಾಚಿಕೊಳ್ಳಬೇಡಿ. ಕೋಡ್ ಯಾರದು, ಡೇಟಾ ಯಾರದು, ಬೀಗದ ಕೈ ಯಾರ ಹತ್ತಿರ, ವರ್ಷ ವರ್ಷ ಎಷ್ಟು ಅಂತ ಸಹಿ ಹಾಕುವ ಮುಂಚೆ ಕೇಳಿ, ಬರೆಸಿಕೊಳ್ಳಿ. ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಿದರೂ ಸರಿ. ನಮ್ಮ ಹೆಸರು ಕೆಡುತ್ತದೆ ಅಂತ ಯೋಚನೆ ಬೇಡ. ನಮ್ಮ 412 ಜನರ ಮುಂದೆ ಅದು ಆಗಲೇ ಆಗಿಹೋಗಿದೆ.